ಕಾಸಗಲ ಜಾಗ

ನಾನು ಒಂದು ಕಂಡೆನ್ಸರ್. ಹೆಬ್ಬೆರಳಿನಷ್ಟು ಉದ್ದದ ತಗಡಿನ ಕೊಳವೆ, ಹೊರಗೆ ಒಂದೇ ತಂತಿ, ತಿರುಪು ಬಿಗಿಯಲು ಒಂದು ತಗಡಿನ ಕಾಲು. ಕಾರ್ಖಾನೆಯಲ್ಲಿ ಒಬ್ಬಾಕೆ ತೆಳುವಾದ ಲೋಹದ ಹಾಳೆಯನ್ನೂ ಕಾಗದವನ್ನೂ ಸೇರಿಸಿ, ಮಗುವಿಗೆ ದುಪ್ಪಟಿ ಸುತ್ತುವಂತೆ ಮೆಲ್ಲಗೆ ಸುತ್ತಿದಳು. ಆಮೇಲೆ ಮೇಣ ಹೊಯ್ದು ಬಾಯಿ ಮುಚ್ಚಿದರು. ನನ್ನೊಳಗೆ ಬಿದ್ದ ಕೊನೆಯ ಬೆಳಕು ಆಕೆಯ ಬೆರಳುಗಳ ಸಂದಿನದು.

ಹುಬ್ಬಳ್ಳಿಯ ಅಂಗಡಿಯೊಂದರ ಡ್ರಾಯರಿನಲ್ಲಿ ಎರಡು ವರ್ಷ ಬಿದ್ದಿದ್ದೆ. ಧಾರವಾಡದ ಮೆಕ್ಯಾನಿಕ್ ಖಾದರಸಾಬರು ನನ್ನನ್ನು ತಂದು ಡಾಕ್ಟರ್ ಗುಂಡೂರಾಯ ಕಟ್ಟಿಯವರ ಹಳೆಯ ಕಾರಿನ ಬಾನೆಟ್ಟಿನ ಕೆಳಗೆ ಬಿಗಿದರು. ಎಂಜಿನ್ನಿನ ಕಿಡಿಗಳ ಗದ್ದಲ ರೇಡಿಯೋಕ್ಕೆ ಹೋಗದಂತೆ ತಡೆದು, ಕಾರಿನ ಮೈಗೆ ಇಳಿಸಿಬಿಡುವುದು ನನ್ನ ಕೆಲಸ.

ಆದರೆ ಡಾಕ್ಟರರು ಆಯುಧಪೂಜೆಗೆಂದು ಕಾರಿಗೆ ಒಳಗೂ ಹೊರಗೂ ಹೊಸ ಹಸಿರು ಬಣ್ಣ ಹೊಡೆಸಿದ್ದರು. "ಖಾದರ, ಎಲ್ಲೂ ಒಂದು ಗೀರು ಬೀಳಬಾರದು ನೋಡು" ಎಂದಿದ್ದರು. ಅವರ ಮಾತು ಮೀರಲಾರದೆ ಖಾದರಸಾಬರು ನನ್ನನ್ನು ಬಣ್ಣದ ಮೇಲೆಯೇ ಕೂರಿಸಿದರು. ಗದ್ದಲ ನನ್ನೊಳಗೆ ಬರುತ್ತಿತ್ತು, ಹೊರಗೆ ಇಳಿಯಲು ದಾರಿಯಿರಲಿಲ್ಲ. ಬಾಯಿ ಕಟ್ಟಿದವನ ಹಾಗೆ ಆ ಬಿಸಿಯಲ್ಲಿ ನಡುಗುತ್ತ ಕೂತಿದ್ದೆ. ರೇಡಿಯೋ ಎಂದಿನಂತೆ ಚಟಚಟ ಎನ್ನುತ್ತಿತ್ತು.

ಡಾಕ್ಟರರ ಹೆಂಡತಿ ಚಂಪಾಬಾಯಿ ಪ್ರತಿ ಗುರುವಾರ ಅವರ ಜೊತೆ ಹಳ್ಳಿಯ ದವಾಖಾನೆಗೆ ಹೋಗಿ ಔಷಧಿ ಕಟ್ಟಿಕೊಡುತ್ತಿದ್ದರು. ಮದುವೆಯಾಗಿ ಇಪ್ಪತ್ತೆರಡು ವರ್ಷದ ಮೇಲೆ, ಗೆಳತಿಯೊಬ್ಬಳ ಒತ್ತಾಯಕ್ಕೆ ರೇಡಿಯೋದಲ್ಲಿ ಎರಡು ಪದ ಹಾಡಿ ಬಂದಿದ್ದರು. ಅದು ಬರುವುದು ಆ ವಾರದ ಗುರುವಾರ ಮಧ್ಯಾಹ್ನ ಒಂದಕ್ಕೆ, ಅವರು ದಾರಿಯಲ್ಲಿರುವ ಹೊತ್ತಿಗೆ. ರೋಗಿಗಳು ಕಾಯುತ್ತಿರುವಾಗ ಡಾಕ್ಟರರು ಕಾರು ನಿಲ್ಲಿಸುವವರಲ್ಲ. ಗಂಡನ ಪಕ್ಕದಲ್ಲಿ ಕೂತು ಒಮ್ಮೆ ಅದನ್ನು ಕೇಳಬೇಕೆಂಬುದು ಆಕೆಯ ಆಸೆ.

ಬುಧವಾರ ಮಧ್ಯಾಹ್ನ, ಡಾಕ್ಟರರು ಊಟ ಮಾಡಿ ಮಲಗಿದ್ದಾಗ, ರೇಡಿಯೋದ ಚಟಚಟ ನೋಡಲು ಮತ್ತೆ ಬಂದಿದ್ದ ಖಾದರಸಾಬರಿಗೆ ಚಂಪಾಬಾಯಿ ಚಹಾ ತಂದರು.

"ಏನ್ರೀ ಖಾದರಸಾಬ್ರ, ರೇಡಿಯೋದಾಗ ಜೀರುಂಡಿ ಹೊಕ್ಕದೇನು?"

"ಇದರ ಕಾಲಿಗೆ ಬರೇ ತಗಡು ತಾಗಬೇಕ್ರಿ ಅಕ್ಕಾರ. ನಡುವ ಬಣ್ಣ ಐತಿ. ಕೆರದ್ರ ಸಾಹೇಬ್ರು ನನ್ನ ಚರ್ಮಾನ ಕೆರೀತಾರ."

"ಅವರಿಗೆ ನನಗಿಂತ ಕಾರಿನ ಮಾರಿನೇ ಚೆಂದ. ತರ್ರಿ ಇಲ್ಲೆ ಆ ಉಪ್ಪುಕಾಗದ."

ಖಾದರಸಾಬರು ನನ್ನನ್ನು ಬಿಚ್ಚಿದರು. ಚಂಪಾಬಾಯಿ ಉಪ್ಪುಕಾಗದದಿಂದ ಕಾಸಗಲ ಜಾಗವನ್ನು ಉಜ್ಜಿದರು. ಬಳೆಗಳು ಸದ್ದು ಮಾಡದಂತೆ ಮೊಣಕೈಯವರೆಗೆ ಏರಿಸಿಕೊಂಡಿದ್ದರು. ತಗಡು ಹೊಳೆಯಿತು. ಖಾದರಸಾಬರು ಅದಕ್ಕೆ ತುಸು ಗ್ರೀಸು ಸವರಿ ನನ್ನನ್ನು ಬಿಗಿದರು.

ಮರುದಿನ ಗದ್ದಲ ನನ್ನೊಳಗೆ ನುಗ್ಗಿತು, ಸರ್ರನೆ ತಗಡಿಗೆ ಇಳಿದುಹೋಯಿತು. ಕಾರಿನೊಳಗೆ ಹಾಡು ಬಂತೋ ಇಲ್ಲವೋ ನನಗೆ ತಿಳಿಯುವಂತಿರಲಿಲ್ಲ. ನನ್ನ ಪಾಲಿಗೆ ಬರುವುದು ಗದ್ದಲ ಮಾತ್ರ. ಆದರೆ ದಾರಿ ಖಾಲಿಯಿದ್ದರೂ ಎಂಜಿನ್ನಿನ ಓಟ ಮೆಲ್ಲಗೆ ತಗ್ಗಿತು. ಎತ್ತಿನ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿತು.

ಹಳ್ಳಿ ತಲುಪಿ ನೀರು ನೋಡಲು ಡಾಕ್ಟರರು ಬಾನೆಟ್ ಎತ್ತಿದರು. ನನ್ನ ಕಾಲ ಸುತ್ತ ಹಸಿರು ಪುಡಿ ಉದುರಿತ್ತು.

"ಯಾರ ಕೆಲಸ ಇದು?"

"ನಂದೇ" ಎಂದರು ಚಂಪಾಬಾಯಿ.

ಡಾಕ್ಟರರು ಕರವಸ್ತ್ರದಿಂದ ಪುಡಿ ಒರೆಸಿದರು. "ಇಷ್ಟು ವರ್ಷ ಈ ದನಿ ಎಲ್ಲೆ ಇಟ್ಟಿದ್ದಿ?"

"ಮನ್ಯಾಗೇ ಇತ್ತಲ್ರೀ."

ಆಮೇಲೆ ಕಾರು ಮದುವೆಗೆ ಬಾಡಿಗೆ ಕೊಡುವವರ ಕೈಗೆ ಹೋಯಿತು. ಅವರು ರೇಡಿಯೋ ಕಿತ್ತು ಮಾರಿದರು, ನನ್ನನ್ನು ಮರೆತರು. ಈಗ ಗುಜರಿಯಲ್ಲಿದ್ದೇನೆ, ಅದೇ ತಿರುಪಿಗೆ ಸಿಕ್ಕಿಕೊಂಡು. ನನ್ನ ಮೇಣದ ಮುಚ್ಚಳ ಇನ್ನೂ ತೆರೆದಿಲ್ಲ, ತೆರೆಯುವುದೂ ಇಲ್ಲ. ಡಾಕ್ಟರರ ಹಸಿರು ಬಣ್ಣವೆಲ್ಲ ಹಕ್ಕಳೆದ್ದು ಉದುರಿದೆ, ಬಾಗಿಲು ಮುಟ್ಟಿದರೆ ತುಕ್ಕಿನ ಪುಡಿ. ನನ್ನ ಕಾಲ ಕೆಳಗೆ ಮಾತ್ರ, ಬಳೆ ಏರಿಸಿಕೊಂಡು ಆಕೆ ಉಜ್ಜಿದ ಕಾಸಗಲ ಜಾಗ, ಅಂದಿನ ಹಾಗೆಯೇ ಹೊಳೆಯುತ್ತಿದೆ.