ಲಿಥ್ರಿಯ ಬಾವಿ

ಸಾವಿರ ವರ್ಷದ ಹಿಂದೆ ಯಾರೋ ಒಬ್ಬ ಗ್ರೀಕ್ ಪುಣ್ಯಾತ್ಮ ಕಡಲ ದಂಡೆಯುದ್ದಕ್ಕೂ ಅಲೆದು, ಯಾವ ರೇವಿನಲ್ಲಿ ಹಡಗು ನಿಲ್ಲಿಸಬಹುದು, ಎಲ್ಲಿ ಕುಡಿಯುವ ನೀರಿದೆ ಎಂದೆಲ್ಲ ಬರೆದಿಟ್ಟು ಹೋಗಿದ್ದ. ಅವನ ಪುಸ್ತಕ ಹಳತಾದಾಗಲೆಲ್ಲ ಯಾರಾದರೂ ಕೂತು ನಕಲು ಮಾಡಬೇಕು. ಈ ಸಲ ಆ ಕೆಲಸ ಕಾನ್‌ಸ್ಟಾಂಟಿನೋಪಲ್ಲಿನ ಸನ್ಯಾಸಿನಿಯರ ಮಠಕ್ಕೆ ಬಂದಿತ್ತು. ಅಲ್ಲಿನ ಸನ್ಯಾಸಿನಿ ಅನಿಸಿಯಾ ಹಟಹಿಡಿದು ಅದನ್ನು ಕೇಳಿ ಪಡೆದಳು. ಪುಸ್ತಕದಲ್ಲಿ ಅವಳ ಹುಟ್ಟೂರಿನ ಬಗ್ಗೆ ಒಂದು ಸಾಲಿತ್ತು.

'ಲಿಥ್ರಿ. ಒಳ್ಳೆಯ ರೇವು. ಸಿಹಿನೀರಿನ ಬಾವಿಯಿದೆ. ಊರ ತುಂಬ ಜನ.'

ಊರ ತುಂಬ ಜನವಂತೆ! ಕಡಲ್ಗಳ್ಳರು ಬೆಂಕಿಯಿಟ್ಟ ಮೇಲೆ ಅಲ್ಲಿ ಒಂದು ನಾಯಿಯೂ ಉಳಿದಿರಲಿಲ್ಲ. ಅವತ್ತು ಅನಿಸಿಯಾ ಗುಡ್ಡದ ಮೇಲಿನ ಆಲಿವ್ ತೋಪಿಗೆ ಹೋಗಿದ್ದಳು, ಮಗಳು ಫೋತಿನಿ ಬಾವಿಗೆ. ತಾಯಿ ಓಡಿ ಬರುವಷ್ಟರಲ್ಲಿ ಕಟ್ಟೆಯ ಮೇಲೆ ಕೊಡವಿತ್ತು, ಮಗಳಿರಲಿಲ್ಲ. ಹೆಣವೂ ಸಿಗಲಿಲ್ಲ. ಹೆಣ ನೋಡದೆ ಸತ್ತಳು ಅನ್ನುವುದು ಹೇಗೆ? ಸತ್ತವರ ಶನಿವಾರ ಬಂದರೆ ಮಠದಲ್ಲಿ ಗೋಧಿ ಬೇಯಿಸಿ, ಒಣದ್ರಾಕ್ಷಿ ಬೆರೆಸಿ, ತೀರಿಹೋದವರ ಹೆಸರು ಓದುತ್ತಾರೆ. ಅನಿಸಿಯಾ ಗಂಡನ ಹೆಸರು ಕೊಡುತ್ತಿದ್ದಳು. "ಮಗಳದು?" ಎಂದರೆ ಎದ್ದು ಹೋಗಿಬಿಡುತ್ತಿದ್ದಳು.

ನಕಲು ಮುಗಿದ ಮೇಲೆ ತಾಳೆ ನೋಡುವುದು ಪದ್ಧತಿ. ಬರೆದವಳು ಹೊಸದನ್ನು ಗಟ್ಟಿಯಾಗಿ ಓದಬೇಕು, ಹಿರಿಯಳು ಹಳೆಯದರ ಮೇಲೆ ಬೆರಳಾಡಿಸುತ್ತ ಕೇಳಬೇಕು. ಹಿರಿಯಳು ಮಕ್ರೀನಾ. ಬಾಯಿ ಜೋರು, ಮನಸ್ಸು ಬೆಣ್ಣೆ.

"ಈ ಮಹಾನುಭಾವನಿಗೆ ಎಲ್ಲಿ ಹೋದ್ರೂ ನೀರಿಂದೇ ಚಿಂತೆ ನೋಡು," ಎಂದು ನಕ್ಕಳು ಮಕ್ರೀನಾ. "ಉಪ್ಪುಮೀನು ತಿಂದೇ ಮನೆ ಬಿಟ್ಟಿದ್ನೋ ಏನೋ. ಹೂಂ, ಮುಂದೆ ಓದು."

"ಲಿಥ್ರಿ. ಒಳ್ಳೆಯ ರೇವು. ಸಿಹಿನೀರಿನ ಬಾವಿಯಿದೆ." ಅನಿಸಿಯಾ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಬಾವಿಯ ಹತ್ತಿರ ಫೋತಿನಿ ಇದ್ದಾಳೆ. ಊರ ತುಂಬ ಜನ."

ಮಕ್ರೀನಾಳ ಬೆರಳು ನಿಂತಿತು.

"ಇಲ್ಲಿ ಹಾಗಿಲ್ಲ ಕಣೇ."

"ಗೊತ್ತು ಅಮ್ಮಾ."

"ಗೊತ್ತಿದ್ದೂ ಬರೆದ್ಯಾ?"

"ಊರ ತುಂಬ ಜನ ಅಂತ ಬರೀಬಹುದು, ನನ್ನ ಮಗಳಿದ್ದಾಳೆ ಅಂತ ಬರೀಬಾರದಾ? ಅಲ್ಲಿ ಯಾರಿದ್ದಾರೆ ಹೇಳಿ! ಅದೂ ಸುಳ್ಳೇ ಅಲ್ವಾ?"

"ಅವನು ಕಣ್ಣಾರೆ ನೋಡಿದ್ದ, ಬರೆದ. ಅದನ್ನ ದಾಟಿಸೋದಷ್ಟೇ ನಮ್ಮ ಕೆಲಸ." ಮಕ್ರೀನಾ ಅವಳ ಕೈ ಹಿಡಿದುಕೊಂಡಳು. "ನೀನು ನೋಡಿದ್ದೇನು ಮಗಳೇ?"

"ಕೊಡ."

"ಅವಳನ್ನ?"

ಇಷ್ಟು ವರ್ಷ ಅನಿಸಿಯಾ ಓಡಿ ತಪ್ಪಿಸಿಕೊಂಡಿದ್ದು ಇದೇ ಪ್ರಶ್ನೆಯಿಂದ. ಈಗ ಎದ್ದು ಹೋಗಲಿಲ್ಲ. ಇಲ್ಲವೆಂದು ತಲೆಯಾಡಿಸಿದಳು.

ತಪ್ಪು ಬರೆದವಳೇ ಕೆರೆದು ತೆಗೆಯಬೇಕು, ಅದೂ ಪದ್ಧತಿಯೇ. ಮಕ್ರೀನಾ ಸಣ್ಣ ಚಾಕು ಎತ್ತಿಕೊಂಡಳು. ಕೊಡಲು ಮನಸ್ಸಾಗಲಿಲ್ಲ.

"ನಾನೇ ಕೆರೆದುಬಿಡ್ಲಾ?"

"ಬೇಡ ಅಮ್ಮಾ. ಹೆತ್ತವಳು ನಾನು."

ಚರ್ಮದ ಹಾಳೆ ಹರಿಯದಂತೆ ಮೆಲ್ಲಗೆ ಕೆರೆದಳು. ಒಂದೊಂದೇ ಅಕ್ಷರ ಪುಡಿಯಾಗಿ ಮಡಿಲಿಗೆ ಬಿತ್ತು. ಬಿಕ್ಕಿ ಬಿಕ್ಕಿ ಅಳುತ್ತಲೇ ಕೆರೆದಳು. ಅಂಥ ಕೆಲಸ ಯಾವ ತಾಯಿಗೂ ಬೇಡ. ಸಾಲಿನ ನಡುವೆ ಒಂದಿಷ್ಟು ಜಾಗ ಖಾಲಿ ಉಳಿಯಿತು. ಮುಂದೆ ನಕಲು ಮಾಡುವವರು ಸಾಲು ಕೂಡಿಸಿ ಬರೆದುಕೊಳ್ಳುತ್ತಾರೆ, ಆಮೇಲೆ ಆ ಜಾಗವೂ ಇರುವುದಿಲ್ಲ.

ಮಡಿಲಿನ ಪುಡಿಯನ್ನು ಅನಿಸಿಯಾ ತಲೆವಸ್ತ್ರದ ತುದಿಯಲ್ಲಿ ಗಂಟು ಹಾಕಿಕೊಂಡಳು.

"ಅಮ್ಮಾ, ಈ ಶನಿವಾರ ಅವಳ ಹೆಸರೂ ಓದ್ಸಿ."

ಮಕ್ರೀನಾ ಅವಳ ತಲೆ ನೇವರಿಸಿದಳು.

"ಗೋಧಿಗೆ ಒಣದ್ರಾಕ್ಷಿ ಸ್ವಲ್ಪ ಜಾಸ್ತಿ ಹಾಕ್ಸಿ," ಎಂದಳು ಅನಿಸಿಯಾ. "ಅವತ್ತು ಬೆಳಿಗ್ಗೆ ಕೇಳಿದ್ಲು. ನೀರು ತಗೊಂಡು ಬಾ, ಕೊಡ್ತೀನಿ ಅಂದಿದ್ದೆ."