ಹಾಕಿದ್ದ ಬಾಗಿಲು

ಲಸಿಕೆ ಉಗ್ರಾಣದ ಕಂಪ್ಯೂಟರಮ್ಮ ಅಂದರೆ ಅಚ್ಚುಕಟ್ಟಿಗೆ ಇನ್ನೊಂದು ಹೆಸರು. ಆ ಅಚ್ಚುಕಟ್ಟೇ ಮುಳುವಾಯಿತು ನೋಡಿ.

ತಣ್ಣನೆ ಕೋಣೆಯ ಬಾಗಿಲು ಹಾಕಿದೆಯೋ ಇಲ್ಲವೋ ಅಂತ ದಿನಾ ಸಂಜೆ ದಾಖಲಿಸುವ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಅವಳದೇ. ಮೊದಲ ಸಾಲಿನಲ್ಲಿ ಮಾಹಿತಿ ಇಡುವ 'ಬಾಗಿಲು' ಎಂಬ ವೇರಿಯಬಲ್‌ಗೆ 'ತೆರೆದಿದೆ' ಅಂತ ಹಾಕಿದ್ದಳು. ಸೆನ್ಸರ್ ನೋಡಿದ ಮೇಲೆ, ಬಾಗಿಲು ಹಾಕಿದ್ದರೆ, ಅದು 'ಮುಚ್ಚಿದೆ' ಅಂತ ಬದಲಾಗಬೇಕು. ಸರಿಯಾಗಿಯೇ ನಡೆಯುತ್ತಿತ್ತು. ಸುಮ್ಮನಿರಲಾರದೆ ಒಂದು ದಿನ, ಸೆನ್ಸರ್ ನೋಡುವ ಸಾಲುಗಳನ್ನೆಲ್ಲ ಫಂಕ್ಷನ್ ಅನ್ನುವ ಪ್ರತ್ಯೇಕ ಕಟ್ಟಿನೊಳಗೆ ಸೇರಿಸಿ ಚಂದ ಮಾಡಿದಳು. ದಾಖಲೆಯನ್ನು ಯಾರೂ ದಿನಾ ಓದುತ್ತಿರಲಿಲ್ಲ, ಏನಾದರೂ ಆದಾಗ ಮಾತ್ರ ತೆಗೆಯುವ ರೂಢಿ.

ಆಯಿತಲ್ಲ! ವಾರದೊಳಗೆ ಒಂದು ಬೆಳಿಗ್ಗೆ ಕೋಣೆ ಬೆಚ್ಚಗಾಗಿತ್ತು, ಲಸಿಕೆಯೆಲ್ಲ ಹಾಳು. ಸಾಹೇಬರು ಹಿಂದಿನ ಸಂಜೆಯ ದಾಖಲೆ ತೆಗೆಸಿದರು: 'ತೆರೆದಿದೆ'. ಕೀಲಿಕೈ ಇದ್ದದ್ದು ದಿನಾ ಬಾಗಿಲು ಹಾಕುವ ಉಗ್ರಾಣದ ಅಜ್ಜನ ಹತ್ತಿರ.

"ಹಾಕಿದ್ದೆ ಕಣಮ್ಮ. ಎರಡು ಸಲ ಎಳೆದು ನೋಡಿದ್ದೆ."

"ಕಂಪ್ಯೂಟರ್ ಸುಳ್ಳು ಹೇಳುತ್ತಾ ಅಜ್ಜ? ವಯಸ್ಸಾಯ್ತು, ಮರೆತಿರ್ತೀರಿ," ಅಂದುಬಿಟ್ಟಳು. ಅಯ್ಯೋ, ಎಂಥ ಮಾತು! ಅಜ್ಜ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಮನೆಗೆ ಹೋದ. ಕೋಣೆ ತಣ್ಣಗಿಡುವ ಮೋಟಾರ್ ಕೆಟ್ಟಿತ್ತೇ ಅಂತ ಯಾರೂ ನೋಡಲೇ ಇಲ್ಲ.

ಅಜ್ಜ ಮತ್ತೆ ಕೆಲಸಕ್ಕೆ ಬರಲಿಲ್ಲ, ಕೀಲಿಕೈ ಅವಳ ಪಾಲಿಗೆ ಬಂತು. ಮೂರು ವಾರದ ಮೇಲೆ, ಸಾಹೇಬರು ಕೇಳಿದರೆಂದು ಹಳೆಯ ದಾಖಲೆಗಳನ್ನು ಒಟ್ಟಿಗೆ ತೆಗೆದಳು. ಫಂಕ್ಷನ್ ಬರೆದಂದಿನಿಂದ ದಿನ ದಿನವೂ 'ತೆರೆದಿದೆ'. ನಿನ್ನೆಯೂ. ನಿನ್ನೆ ಬಾಗಿಲು ಹಾಕಿದವಳು ಅವಳೇ.

ಸ್ಕ್ರಿಪ್ಟ್ ನೋಡಿದಳು. ಫಂಕ್ಷನ್ನಿನೊಳಗೆ 'ಬಾಗಿಲು' ಸರಿಯಾಗಿ 'ಮುಚ್ಚಿದೆ' ಅಂತಲೇ ಆಗುತ್ತಿತ್ತು. ಆದರೆ ಒಳಗಿನ 'ಬಾಗಿಲು' ಬೇರೆ, ಹೊರಗಿನದು ಬೇರೆ, ಹೆಸರೊಂದೇ ಅಷ್ಟೆ. ಫಂಕ್ಷನ್ ಮುಗಿದ ಕ್ಷಣ ಒಳಗಿನದು ಅಳಿಸಿಹೋಗುತ್ತದೆ. ಅದನ್ನು ಹೊರಗೆ ಕೊಡಲು ರಿಟರ್ನ್ ಅಂತ ಒಂದು ಸಾಲು ಬೇಕು, ಹೊರಗೆ ಅದನ್ನು ತೆಗೆದುಕೊಳ್ಳಲು ಇನ್ನೊಂದು. ಎರಡನ್ನೂ ಬರೆದಿರಲಿಲ್ಲ. ಇಷ್ಟು ದಿನ ದಾಖಲಾದದ್ದು ಮೊದಲ ಸಾಲಿನ 'ತೆರೆದಿದೆ'. ಸೆನ್ಸರಿನ ಸ್ವಂತ ನೆನಪಿನಲ್ಲಿ ಲಸಿಕೆ ಹಾಳಾದ ಹಿಂದಿನ ಸಂಜೆಯೂ 'ಮುಚ್ಚಿದೆ' ಅಂತಲೇ ಇತ್ತು.

ಎರಡು ಸಾಲು ಸೇರಿಸಿ ಸುಮ್ಮನಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಆ ಆಸೆ ಬರಲಿಲ್ಲ ಅಂದರೆ ಸುಳ್ಳಾದೀತು. ಮಧ್ಯಾಹ್ನದವರೆಗೆ ಕೂತೇ ಇದ್ದಳು. ಆಮೇಲೆ ನಡೆದದ್ದನ್ನೆಲ್ಲ ಬರೆದು ಸಾಹೇಬರ ಕೈಗೆ ಕೊಟ್ಟು, ಸೀದಾ ಅಜ್ಜನ ಮನೆಗೆ ಹೋದಳು.

ಅಜ್ಜಿ ಒಳಗೆ ಕರೆದಳು. ಅಜ್ಜ ಚಾಪೆಯ ಮೇಲೆ ಕೂತಿದ್ದ. ಒಲೆಯ ಹಿಂದೆ, ನಲ್ಲಿಯ ಪಕ್ಕ, ಚಿಲಕದ ಹತ್ತಿರ ಅಜ್ಜನೇ ಬರೆದು ಅಂಟಿಸಿದ ಚೀಟಿಗಳು: 'ಆರಿಸಿದೆಯಾ?' 'ನಿಲ್ಲಿಸಿದೆಯಾ?' 'ಹಾಕಿದೆಯಾ?'

"ತನಗೆ ಮರೆವು ಶುರುವಾಗಿದೆ ಅಂತಾರೆ ಮಗಳೇ. ಒಬ್ಬರೇ ಬೀದಿಗೂ ಇಳಿಯಲ್ಲ ಈಗ," ಅಂದಳು ಅಜ್ಜಿ.

ಅವಳಿಗೆ ಕೂರಲಾಗಲಿಲ್ಲ. "ಅಜ್ಜ, ತಪ್ಪು ನಂದು. ನೀವು ಬಾಗಿಲು ಹಾಕಿದ್ರಿ. ಸೆನ್ಸರ್ರೂ ಹಾಗೇ ಹೇಳಿತ್ತು. ಅದು ದಾಖಲೆಗೆ ಬರೋ ಹಾಗೆ ನಾನು ಬರೀಲಿಲ್ಲ."

ಅಜ್ಜ ಬೈಯಲಿಲ್ಲ, ಕೆಲಸದ ಮಾತೂ ಎತ್ತಲಿಲ್ಲ. "ಎರಡು ಸಲ ಎಳೆದು ನೋಡಿದ್ದೆ," ಅಂದ.

"ಹೌದು ಅಜ್ಜ."

"ಹಾಗಾದ್ರೆ ನಂಗೆ ಮರೆವಿಲ್ಲ."

ಎದ್ದು ಒಲೆಯ ಚೀಟಿ ಕಿತ್ತ, ನಲ್ಲಿಯದನ್ನೂ ಕಿತ್ತ. ಚಿಲಕದ ಚೀಟಿಗೆ ಕೈ ಹಾಕಿ ಅಲ್ಲೇ ನಿಂತ. ಆಮೇಲೆ ಅದರ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದ.

"ಇದೊಂದು ಇರಲಿ ಮಗಳೇ," ಅಂದ.