ಗೌಡಳ್ಳಿ ಏರಿನಲ್ಲಿ ನಿಲ್ಲುತ್ತಿದ್ದ ಜೀಪು

ಜೀಪನ್ನು ಕೆಡಿಸಿ ಬೈಸಿಕೊಂಡ ಡ್ರೈವರುಗಳು ಬೇಕಾದಷ್ಟಿದ್ದಾರೆ. ಜೀಪನ್ನು ಸರಿಮಾಡಿ, ಅದೇ ಸಂಕಟಕ್ಕೆ ಒಂದು ವಾರ ಅನ್ನ ಸೇರದೆ ಕೂತವನು ನಾನೊಬ್ಬನೇ ಇರಬೇಕು.

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ ಅದು. ಮಂತ್ರಿಗಳನ್ನು ನೋಡಬೇಕೆಂದರೂ ಮಡಿಕೇರಿ ತನಕ ಹೋದರೆ ಸಾಕಿತ್ತು. ಶನಿವಾರಸಂತೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಡ್ರೈವರ್, ಹೆಸರು ಬೊಳ್ಳಪ್ಪ. ಯುದ್ಧದ ವೇಳೆ ಮಿಲಿಟರಿ ವರ್ಕ್‌ಶಾಪಿನಲ್ಲಿ ಮೂರು ವರ್ಷ ಕೈ ಕಪ್ಪು ಮಾಡಿಕೊಂಡಿದ್ದರಿಂದ ಮೆಕ್ಯಾನಿಕ್ಕೂ ನಾನೇ. ಎಸ್ಟೇಟಿನ ಜೀಪೂ ಮಿಲಿಟರಿಯದೇ, ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಬಂದದ್ದು. ನಮ್ಮಿಬ್ಬರಿಗೂ ಮುಂಗೋಪ.

ನಮ್ಮ ಸಾಹುಕಾರರು ಸಿದ್ದಬಸಪ್ಪನವರು. ಅವರ ತಾಯಿ ಸರ್ವಮಂಗಳಮ್ಮನವರನ್ನು ಪ್ರತಿ ಸೋಮವಾರ ಸೋಮವಾರಪೇಟೆಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಅಲ್ಲಿಯ ಪಂಡಿತರೊಬ್ಬರು ಅವರ ಮಂಡಿಗೆ ಎಣ್ಣೆ ಕಟ್ಟುತ್ತಿದ್ದರು. ಗೌಡಳ್ಳಿ ದಾಟಿ ಏರು ಶುರುವಾಗಿ ಮೂರನೆಯ ತಿರುವು ಬಂತೋ ಇಲ್ಲವೋ, ಜೀಪು ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಏನು ಮಾಡಿದರೂ ಅಲ್ಲಾಡುವುದಿಲ್ಲ. ಆಮೇಲೆ ಏನೂ ಆಗದವರ ಹಾಗೆ ಹೊರಡುತ್ತದೆ.

ಎಲ್ಲಿ ಬೇಕಾದರೂ ನಿಲ್ಲಬಹುದಿತ್ತು. ನಿಂತದ್ದು ನೀಲಮ್ಮನ ಮನೆ ಮುಂದೆ.

ನೀಲಮ್ಮ ಈ ಅಮ್ಮನವರ ಒಬ್ಬಳೇ ಮಗಳು, ಸಾಹುಕಾರರ ತಂಗಿ. ನಾಲ್ಕು ವರ್ಷದ ಹಿಂದೆ ಮಂಜುನಾಥ ಅನ್ನುವ ಮೇಷ್ಟ್ರನ್ನು ಮಡಿಕೇರಿಯಲ್ಲಿ ರಿಜಿಸ್ಟರ್ ಮದುವೆಯಾಗಿದ್ದಳು. ಹುಡುಗ ಚಿನ್ನದಂಥವನು, ಆದರೆ ಜಾತಿ ಬೇರೆ. 'ಅವಳ ಹೊಸಿಲು ತುಳಿಯಲ್ಲ, ಅವಳ ಜೊತೆ ಮಾತಾಡಲ್ಲ' ಅಂತ ಅಮ್ಮನವರು ಎಲ್ಲರ ಎದುರು ಹೇಳಿಬಿಟ್ಟಿದ್ದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿಯ ಹೆಂಗಸು.

ಏರಿನಲ್ಲಿ ಗಾಡಿ ನಿಂತರೆ ಆ ಕಾಲದ ಡ್ರೈವರುಗಳೆಲ್ಲ ಮಾಡುತ್ತಿದ್ದದ್ದು ಒಂದೇ. ಬಿಸಿಗೆ ಪೆಟ್ರೋಲು ಆವಿಯಾಗಿದೆ ಅಂತ, ಎಂಜಿನ್ನಿಗೆ ಪೆಟ್ರೋಲು ಎತ್ತಿಕೊಡುವ ಪಂಪಿನ ಮೇಲೆ ಒದ್ದೆ ಗೋಣಿಚೀಲ ಹಾಕುವುದು. ನಾನೂ ಮೊದಲ ದಿನ ಗೋಣಿ ಹಿಡಿದು ಆ ಮನೆಯ ಮುಂದೆ ನೀರು ಕೇಳಿದೆ. ನೀಲಮ್ಮ ಬಕೀಟು ತಂದಳು. ಜೀಪಿನಲ್ಲಿ ಕೂತ ತಾಯಿಯನ್ನು ನೋಡಿ ಅರ್ಧ ನೀರು ತನ್ನ ಕಾಲ ಮೇಲೇ ಚೆಲ್ಲಿಕೊಂಡಳು.

ಅಮ್ಮನವರು ಅವಳ ಕಡೆ ಮುಖ ತಿರುಗಿಸಲಿಲ್ಲ. ನನಗೆ ಹೇಳಿದರು: "ಬೊಳ್ಳಪ್ಪ, ಕೆಂದ ಹಸು ಹೆಣ್ಣುಗರು ಹಾಕ್ತು ಅಂತ ಕೇಳಿದೋರಿಗೆ ಹೇಳು."

ಯಾರೂ ಕೇಳಿರಲಿಲ್ಲ. ಆದರೂ ಹೇಳಿದೆ. ನೀಲಮ್ಮ ಅಂದಳು: "ಬೊಳ್ಳಪ್ಪಣ್ಣ, ಅದಕ್ಕೆ ಮೊದಲ್ನೇ ಸಲ ಕಷ್ಟ ಆಗಿತ್ತಲ್ಲ, ಈ ಸಲ ಹೇಗಾಯ್ತು ಅಂತ ಕೇಳಿ."

ಹೀಗೆ ಶುರುವಾಯಿತು. ಮೂರು ಮೊಳ ದೂರದಲ್ಲಿರುವ ತಾಯಿ-ಮಗಳ ನಡುವೆ ಗೋಣಿಚೀಲ ಹಿಡಿದು ನಾನು ಟಪಾಲಿನವನಾದೆ. ಉಪ್ಪಿನಕಾಯಿಗೆ ಎಷ್ಟು ಉಪ್ಪು, ಅತ್ತಿಗೆಯ ಬೆನ್ನುನೋವು ಹೇಗಿದೆ, ಎಲ್ಲ ನನ್ನ ಮೂಲಕ. ಬೇಸಗೆಯಲ್ಲಿ ಒಂದು ದಿನ ಅಮ್ಮನವರು ಗುಡ್ಡ ನೋಡುತ್ತಾ "ಎಷ್ಟು ತಿಂಗಳು ಅಂತ ಕೇಳು" ಅಂದರು. "ಮೂರು ಅಂತ ಹೇಳಿ" ಅಂದಳು ನೀಲಮ್ಮ. ಆ ಎರಡನ್ನೂ ನಾನು ಒಂದಕ್ಷರ ಬಿಡದೆ ತಿರುಗಿ ಹೇಳಿದೆ.

ಈಗ ನನ್ನ ಕಳ್ಳತನ ಹೇಳುತ್ತೇನೆ. ಜೀಪಿನ ರೋಗ ಪೆಟ್ರೋಲಿನದಲ್ಲ ಅಂತ ನನಗೆ ಎರಡನೆಯ ವಾರವೇ ಗೊತ್ತಾಗಿತ್ತು. ಪೈಪು ಬಿಚ್ಚಿ ನೋಡಿದರೆ ಪೆಟ್ರೋಲು ಧಾರಾಳವಾಗಿ ಬರುತ್ತಿತ್ತು. ಪ್ಲಗ್ಗಿನ ವಯರು ಬಿಚ್ಚಿ ಕಬ್ಬಿಣದ ಹತ್ತಿರ ಹಿಡಿದರೆ ಕಿಡಿ ಮಾತ್ರ ಬಡಕಲು, ಹಳದಿ. ಕಿಡಿಗೆ ಜೀವ ಕೊಡುವ ಕಾಯಿಲನ್ನು ಮುಟ್ಟಿದೆ, ಬೆರಳು ಸುಟ್ಟಿತು. ಅದನ್ನು ಎಂಜಿನ್ನಿನ ಮೈಗೇ ಬಿಗಿದಿದ್ದರು. ಏರಿನಲ್ಲಿ ಎಂಜಿನ್ನು ಕಾದರೆ ಅದೂ ಕಾದು ಸೋಲುತ್ತಿತ್ತು, ಅರ್ಧ ಗಂಟೆಗೆ ಆರಿ ಏಳುತ್ತಿತ್ತು. ನನ್ನ ಒದ್ದೆ ಗೋಣಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕಾಯಿಲನ್ನು ಕಿತ್ತು ತಣ್ಣಗಿರುವ ಕಡೆ ಕೂರಿಸಿದರೆ ಮುಗಿಯುವ ಕೆಲಸ. ಒಂದು ವರ್ಷ ಬಾಯಿ ಬಿಡಲಿಲ್ಲ. 'ಆ ಬೊಳ್ಳಪ್ಪನಿಗೆ ಏನೂ ಬರಲ್ಲ' ಅಂತ ಪೇಟೆಯ ಬಸ್ ಡ್ರೈವರುಗಳು ನಕ್ಕರೂ ಹಲ್ಲು ಕಚ್ಚಿಕೊಂಡಿದ್ದೆ.

ನೀಲಮ್ಮನಿಗೆ ಏಳು ತಿಂಗಳು ತುಂಬುತ್ತಿದ್ದಾಗ ಸಾಹುಕಾರರು ನನ್ನನ್ನು ಕರೆಸಿದರು. "ಈ ದರಿದ್ರ ಜೀಪನ್ನ ಮಾರಿಬಿಡ್ತೀನಿ. ಅವ್ವ ದಾರೀಲಿ ಮಳೆ ಬಿಸಿಲಲ್ಲಿ ಕೂರೋದು ಬೇಡ. ಪಂಡಿತರನ್ನೇ ಮನೆಗೆ ಕರೆಸಿದ್ರಾಯ್ತು."

ಅವರಿಗೆ ತಾಯಿಯ ಮೇಲೆ ಪ್ರೀತಿ. ಜೀಪು ಎಲ್ಲಿ ನಿಲ್ಲುತ್ತದೆ ಅಂತ ಅವರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಜೀಪು ಹೋದರೆ ಸೋಮವಾರವೇ ಹೋಗುತ್ತದೆ. "ಒಂದು ದಿನ ಕೊಡಿ, ಸರಿ ಮಾಡ್ತೀನಿ" ಅಂದೆ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೆಯ ಪಲ್ಪರಿನ ಒಂದು ಕಬ್ಬಿಣದ ಪಟ್ಟಿ ಬಗ್ಗಿಸಿ ಕಾಯಿಲಿಗೆ ಹಿಡಿಕೆ ಮಾಡಿದೆ. ಎಂಜಿನ್ನಿಗೂ ನಮ್ಮ ಕಾಲಿಗೂ ನಡುವೆ ಇರುವ ತಗಡಿನ ಗೋಡೆಗೆ ಕೈಡ್ರಿಲ್ಲಿನಲ್ಲಿ ಎರಡು ತೂತು ಕೊರೆದು ಕಾಯಿಲನ್ನು ಅಲ್ಲಿ ಕೂರಿಸಿದೆ, ಗಾಳಿ ಆಡುವ ಹಾಗೆ. ಅಲ್ಲಿಂದ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ದಪ್ಪ ವಯರು ಗಿಡ್ಡವಾಯಿತು, ಉದ್ದದ್ದು ಹಾಕಿದೆ. ಸ್ಟಾರ್ಟ್ ಮಾಡಿದಾಗ ಎಂಜಿನ್ನು ಎಷ್ಟು ಸೊಗಸಾಗಿ ಓಡಿತೆಂದರೆ, ಒಂದು ಗಳಿಗೆ ಎಲ್ಲ ಮರೆತು ಖುಷಿಪಟ್ಟೆ. ಮೆಕ್ಯಾನಿಕ್ಕಿನ ಬುದ್ಧಿಯೇ ಅಷ್ಟು.

ಸೋಮವಾರ ಪರೀಕ್ಷೆ ಮಾಡುತ್ತೇನೆಂದು ಸಾಹುಕಾರರೇ ಹಿಂದೆ ಹತ್ತಿ ಕೂತರು. ಎರಡನೆಯ ತಿರುವಿನಲ್ಲಿ ಅಮ್ಮನವರು ಎಂದಿನಂತೆ ಸೆರಗು ಸರಿಮಾಡಿಕೊಂಡರು. ಮೂರನೆಯ ತಿರುವಿನಲ್ಲಿ ನೀಲಮ್ಮ ತುಂಬಿದ ಬಕೀಟು ಕಾಲ ಬಳಿ ಇಟ್ಟುಕೊಂಡು, ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಜೀಪು ಕೆಮ್ಮಲೂ ಇಲ್ಲ. ಅವಳನ್ನು ದಾಟಿಕೊಂಡು ಹತ್ತಿತು.

"ನೋಡಿದ್ಯಾ ಅವ್ವ, ಒಂದೇ ಉಸಿರಿಗೆ ಹತ್ತಿಬಿಡ್ತು" ಅಂದರು ಸಾಹುಕಾರರು. ಅವರು ಎಡಗಡೆಯ ತೋಟ ನೋಡುತ್ತಿದ್ದರು, ತಂಗಿಯನ್ನು ಕಂಡಿರಲಿಲ್ಲ. ಅಮ್ಮನವರು ವರ್ಷದಲ್ಲಿ ಮೊದಲ ಸಲ ಕತ್ತು ತಿರುಗಿಸಿ ಹಿಂದೆ ನೋಡಿದರು, ತಿರುವು ಮರೆಯಾಗುವ ತನಕ ನೋಡುತ್ತಲೇ ಇದ್ದರು. ನಾನು ಎಂಥ ಪಾಪ ಮಾಡಿದೆ ಅನ್ನಿಸಿತು.

ಆ ವಾರವೇ ನನಗೆ ಅನ್ನ ಸೇರದ ವಾರ. ಕಾಯಿಲನ್ನು ಮತ್ತೆ ಹಳೆಯ ಜಾಗಕ್ಕೆ ಹಾಕಲೇ ಅಂತ ಎರಡು ಸಲ ಸ್ಪ್ಯಾನರ್ ಹಿಡಿದೆ. ಹಾಕಿದರೆ ಜೀಪು ಮಾರಾಟ, ಹಾಕದಿದ್ದರೆ ಆ ಮನೆ ಮುಂದೆ ನಿಲ್ಲುವುದೇ ಇಲ್ಲ. ಕೊನೆಗೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅಂತ ಒಂದು ಉಪಾಯ ಹೂಡಿದೆ.

ಮುಂದಿನ ಸೋಮವಾರ ಜೀಪಿನಲ್ಲಿ ಅಮ್ಮನವರು, ನಾನು ಇಬ್ಬರೇ. ಮೂರನೆಯ ತಿರುವಿನಲ್ಲಿ ಮೆಲ್ಲಗೆ ಕೈ ಚಾಚಿ ಎಂಜಿನ್ನಿನ ಸ್ವಿಚ್ಚು ತಿರುಗಿಸಿದೆ. ಜೀಪು ನಿಂತಿತು. ನೀಲಮ್ಮ ಬಾಗಿಲಲ್ಲಿರಲಿಲ್ಲ. "ಮತ್ತೆ ಶುರುವಾಯ್ತು ಇದರ ಕಾಟ" ಅಂತ ಬಾನೆಟ್ ಎತ್ತಲು ಇಳಿಯಹೊರಟೆ.

"ಕೂತ್ಕೋ" ಅಂದರು ಅಮ್ಮನವರು. "ಸ್ವಿಚ್ಚು ತಿರುಗಿಸಿದ್ದು ನೋಡ್ದೆ."

ನಾನು ತಲೆ ತಗ್ಗಿಸಿ ವರ್ಷದ ಸುಳ್ಳನ್ನೆಲ್ಲ ಒಪ್ಪಿಸಿದೆ. ಗೋಣಿಚೀಲದ್ದೂ ಹೇಳಿದೆ. ಅವರ ಮುಖ ಕೆಂಪಾಯಿತು.

"ನೀನು ಆಟ ಆಡ್ಸೋಕೆ ನಾನೇನು ಕೂಸಾ? ಗಾಡಿ ತೆಗಿ."

ತೆಗೆದೆ. ಇನ್ನು ಸಾಹುಕಾರರ ಮನೆಯ ಋಣ ನನಗೂ ತೀರಿತು, ನೀಲಮ್ಮನಿಗೂ ತೀರಿತು ಅಂದುಕೊಂಡೆ. ಹತ್ತು ಮಾರು ಹೋಗಿರಬೇಕು.

"ನಿಲ್ಲಿಸು."

ನಿಲ್ಲಿಸಿದೆ.

"ಈಗ ನಾನು ಹೇಳಿ ನಿಂತದ್ದು" ಅಂದರು. ಮಂಡಿ ಹಿಡಿದುಕೊಂಡು, ನನ್ನ ಕೈಯನ್ನೂ ಬೇಡವೆಂದು ತಳ್ಳಿ, ತಾವೇ ಇಳಿದರು. ಇಳಿಜಾರಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಹಿಂದಕ್ಕೆ ನಡೆದರು. ಎಂಜಿನ್ನಿನ ಸದ್ದು ಕೇಳಿ ನೀಲಮ್ಮ ಅವಸರದಲ್ಲಿ ಬಕೀಟು ಎತ್ತಿಕೊಂಡು ಹೊರಗೆ ಬಂದಳು. ತಾಯಿ ರಸ್ತೆಯಲ್ಲಿ ನಡೆದು ಬರುವುದನ್ನು ಕಂಡು ಹೆದರಿದಳು.

"ಬೊಳ್ಳಪ್ಪಣ್ಣ, ಏನಾಯ್ತು ಜೀಪಿಗೆ?"

ಅಭ್ಯಾಸಬಲದಿಂದ ನಾನು ಬಾಯಿ ತೆರೆದೆ. ಅಮ್ಮನವರು ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದರು.

"ಜೀಪಿಗೆ ಏನೂ ಆಗಿಲ್ಲ ಕಣೆ" ಅಂದರು. ಆಮೇಲೆ ದನಿ ಒಡೆಯಿತು, ಅದನ್ನು ಬೈಗುಳದಲ್ಲಿ ಮುಚ್ಚಿಕೊಂಡರು. "ಏಳು ತಿಂಗಳ ಬಸುರಿ ಬಕೀಟು ಎತ್ತುತಾಳಾ? ನಿಂಗೆ ಹೇಳೋರು ಕೇಳೋರು ಯಾರೂ ಇಲ್ವಾ? ಇಡು ಅದನ್ನ ಕೆಳಗೆ."

ನೀಲಮ್ಮ ಕೆಳಗಿಟ್ಟಳು. ಅವ್ವ ನಾಲ್ಕು ವರ್ಷದ ಮೇಲೆ ತನ್ನನ್ನು ನೇರವಾಗಿ ಬೈದದ್ದಕ್ಕೆ ರಸ್ತೆಯಲ್ಲೇ ಅತ್ತಳು. ಅಮ್ಮನವರು ಅವಳ ಭುಜ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಆ ದಿನ ನಾವು ಸೋಮವಾರಪೇಟೆಗೆ ಹೋಗಲೇ ಇಲ್ಲ.